ಗೇರ್ ಬಾಕ್ಸ್ ಹೊಸದಾಗಿ ಕಟ್ಟಿಸಿದ ಮೇಲೆ ಜೀಪು ಗೇರಿನಲ್ಲಿ ಹಿಡಿಯುತ್ತಿದೆ, ನ್ಯೂಟ್ರಲ್‌ನಲ್ಲಿ ಏನೂ ಇಲ್ಲ

ತೋಟದ ಜೀಪು, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1974ರ ಮಹೀಂದ್ರ ಸಿಜೆ-3ಬಿ ಜೀಪಿದೆ. ಅಪ್ಪ ಕೊಂಡಿದ್ದು. ಇಂಜಿನ್ ಮೊದಲಿನ ಹರಿಕೇನ್ ಪೆಟ್ರೋಲೇ, ಡೀಸೆಲ್ ಕೂರಿಸಿಲ್ಲ. ಮೂರು ಗೇರಿನ ಟಿ-90 ಬಾಕ್ಸ್, ಅದರ ಹಿಂದೆ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್. ತೋಟದೊಳಗೆ ಓಡಾಡುವುದು, ಗೊಬ್ಬರ ಒಯ್ಯುವುದು, ಹಣ್ಣಿನ ಮೂಟೆ ಕಣಕ್ಕೆ ತರುವುದು ಎಲ್ಲಾ ಇದರಲ್ಲೇ.

ಹೋದ ಮಳೆಗಾಲದಲ್ಲಿ ಇಳಿಜಾರಿನಲ್ಲಿ 2ನೇ ಗೇರ್ ತಾನಾಗಿ ಬಿಟ್ಟುಕೊಂಡು ನ್ಯೂಟ್ರಲ್‌ಗೆ ಬರುತ್ತಿತ್ತು. ನಮ್ಮ ಕಡೆ ರಸ್ತೆಯಲ್ಲಿ ಅದು ಎಂಥ ಅಪಾಯ ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಬಾಕ್ಸ್ ಇಳಿಸಿ ಪೂರ್ತಿ ಕಟ್ಟಿಸಿದೆ. ಸಿಂಕ್ರೋ ರಿಂಗ್ (ಗೇರ್ ಸಲೀಸಾಗಿ ಬೀಳಲು ಇರುವ ಉಂಗುರ), ಎಲ್ಲಾ ಬೇರಿಂಗ್, ಬಾಕ್ಸಿನ ಕೆಳಗಿನ ಲೇ ಶಾಫ್ಟ್, ಅದರ ಮೇಲೆ ತಿರುಗುವ ಕ್ಲಸ್ಟರ್ ಗೇರ್ (ಹಲವು ಗೇರ್ ಒಂದೇ ತುಂಡಿನಲ್ಲಿ), ಎರಡರ ನಡುವೆ ಉರುಳುವ ನೀಡಲ್‌ಗಳು (ಸೂಜಿಯಂಥ ಸಣ್ಣ ರೋಲರ್), ಆಯಿಲ್ ಸೀಲ್ ಎಲ್ಲವೂ ಹೊಸದು. ಕೆಲಸ ಮಾಡಿಸಿದ್ದು ಹೊರಗೆ ಒಂದು ಗ್ಯಾರೇಜಿನಲ್ಲಿ. ಯಾವುದು ಎಂದು ಇಲ್ಲಿ ಬರೆಯುವುದಿಲ್ಲ, ಅವರು ಕಾಳಜಿಯಿಂದಲೇ ಮಾಡಿಕೊಟ್ಟಿದ್ದಾರೆ.

ಮೊದಲ ಹತ್ತು ಕಿಲೋಮೀಟರ್ ಬೆಣ್ಣೆ ಹಾಗೆ ಓಡಿತು. ಆಮೇಲೆ ಶುರುವಾಯಿತು. 1ನೇ ಗೇರಿನಲ್ಲಿ ಏರು ಹತ್ತುವಾಗ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಆಗುತ್ತದೆ, ಒಂದು ಕ್ಷಣ ಬಿಗಿಯಾಗಿ ನಿಂತು ಆಮೇಲೆ ಟಕ್ ಎಂದು ಬಿಡುತ್ತದೆ. 2ನೇ ಗೇರಿನಲ್ಲೂ ಇದೆ, ಸ್ವಲ್ಪ ಕಮ್ಮಿ. ರಿವರ್ಸ್ ಎಲ್ಲದಕ್ಕಿಂತ ಕೆಟ್ಟದು, ನಿನ್ನೆ ಕಣದಲ್ಲಿ ಹಿಂದಕ್ಕೆ ತೆಗೆಯುವಾಗ ಇಂಜಿನ್ನೇ ಆಫ್ ಆಯಿತು. ನ್ಯೂಟ್ರಲ್‌ನಲ್ಲಿ ಏನೂ ಇಲ್ಲ, ಶಬ್ದವೂ ಇಲ್ಲ. 3ನೇ ಗೇರ್ ಟಾಪ್‌ನಲ್ಲಿ ಕೊಟ್ಟಿಗೆಹಾರದವರೆಗೆ ಹೋಗಿ ಬಂದೆ, ಒಂದು ಚೂರೂ ತೊಂದರೆ ಇರಲಿಲ್ಲ.

ಬಾಕ್ಸ್ ಮತ್ತೆ ಇಳಿಸುವುದೆಂದರೆ ಎರಡು ದಿನದ ಕೆಲಸ. ಅರೇಬಿಕಾ ಕೊಯ್ಲಿಗೆ ಇನ್ನು ಮೂರು ವಾರ ಇದೆ. ಇಳಿಸುವ ಮೊದಲು ಏನಾದರೂ ನೋಡಬಹುದಾ? ಯಾವುದು ಹಿಡಿಯುತ್ತಿದೆ ಎಂದು ಹೊರಗಿನಿಂದಲೇ ಗೊತ್ತಾಗುವ ದಾರಿ ಇದ್ದರೆ ಹೇಳಿ.

ಹಾಸನದ ಹಳೇ ಜೀಪು

ಇಳಿಸಬೇಡಿ, ಮೊದಲು ಹೊರಗಿನದು ನೋಡಿ. ಈ ಜೀಪಿನಲ್ಲಿ ಹ್ಯಾಂಡ್ ಬ್ರೇಕ್ ಚಕ್ರದಲ್ಲಿ ಇರುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹೊರಡುವ ಕಡೆ ಒಂದು ಡ್ರಮ್ ಇರುತ್ತದೆ. ಬಾಕ್ಸ್ ಇಳಿಸಿ ಹಾಕಿದಾಗ ಅದರ ಕೇಬಲ್ ಬಿಗಿಯಾಗಿಬಿಟ್ಟರೆ ಶೂ ಉಜ್ಜುತ್ತಲೇ ಇರುತ್ತದೆ. ನನ್ನ ಜೀಪಿನಲ್ಲಿ ಇದೇ ಆಗಿತ್ತು, ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಐದು ಕಿಲೋಮೀಟರ್ ಓಡಿಸಿ ಇಳಿದು ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ, ಬಿಸಿ ಇದ್ದರೆ ಸುಡುತ್ತದೆ.

ಎರಡನೆಯದು ಫೋರ್ ವೀಲ್ ಲಿವರ್. ಸ್ಪೈಸರ್ 18ರಲ್ಲಿ ಮುಂದಿನ ಹಿಂದಿನ ಶಾಫ್ಟ್ ನಡುವೆ ಡಿಫರೆನ್ಷಿಯಲ್ ಇಲ್ಲ, ಅಂದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಆಗುವುದಿಲ್ಲ. ಫೋರ್ ವೀಲ್ ಬಿದ್ದುಕೊಂಡೇ ಇದ್ದರೆ ಟಾರ್ ರಸ್ತೆಯಲ್ಲಿ ತಿರುಗಿಸುವಾಗ ಎಲ್ಲವೂ ಬಿಗಿಯುತ್ತಾ ಹೋಗಿ ಕೊನೆಗೆ ಒಂದು ಚಕ್ರ ಜಾರಿದಾಗ ಟಕ್ ಎಂದು ಬಿಡುತ್ತದೆ. ನೀವು ಹೇಳಿದ ಟಕ್ ಅದೇ ಇರಬಹುದು. ಲಿವರ್ ಮೇಲೆ ಟೂ ವೀಲ್ ತೋರಿಸಿದರೂ ಒಳಗೆ ಫೋರ್ಕ್ ಪೂರ್ತಿ ಬಂದಿರುವುದಿಲ್ಲ ಕೆಲವೊಮ್ಮೆ. ಜೀಪಿನ ಅಡಿ ಬಗ್ಗಿ, ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಅದು ಅಷ್ಟಕ್ಕೆ ಅಷ್ಟೇ ಆಡಿ ನಿಂತರೆ ಎಂಗೇಜ್ ಆಗಿದೆ ಎಂದರ್ಥ. ಅಂದಹಾಗೆ ಮುಂದಿನ ಚಕ್ರಕ್ಕೆ ಫ್ರೀ ವೀಲಿಂಗ್ ಹಬ್ (ಚಕ್ರವನ್ನು ಆಕ್ಸಲಿನಿಂದ ಬಿಡಿಸುವ ಹಬ್) ಇಲ್ಲದಿದ್ದರೆ ಮುಂದಿನ ಒಂದು ಚಕ್ರ ಜಾಕಿ ಹಾಕಿ ಎತ್ತಿಕೊಂಡು ನೋಡಿ.

ಇವೆರಡೂ ಇದ್ದರೆ 3ನೇ ಗೇರಿನಲ್ಲೂ ಹಿಡಿಯಬೇಕಲ್ವಾ ಎಂದು ಕೇಳಬಹುದು. ಹೌದು ಹಿಡಿಯಬೇಕು. ಆದರೆ ವೇಗದಲ್ಲಿ ಇರುವಾಗ ಗಾಡಿ ತನ್ನ ಓಟದಲ್ಲೇ ಎಳೆದುಕೊಂಡು ಹೋಗುತ್ತದೆ, ಗೊತ್ತಾಗದೇ ಇರಬಹುದು. ಖರ್ಚಿಲ್ಲದ ಪರೀಕ್ಷೆ ಆದ್ದರಿಂದ ಮೊದಲು ಮಾಡಿ.

ಬೇಲೂರು ರಸ್ತೆ

ಹೊಸ ಸಾಮಾನು ಹಾಕಿದ ಬಾಕ್ಸ್ ಮೊದಲು ಬಿಗಿಯಾಗಿಯೇ ಇರುತ್ತದೆ. ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ, ಸೆಟ್ ಆಗುತ್ತದೆ. ನನ್ನ ಅಣ್ಣನ ಪಿಕಪ್ ಕೂಡ ಹಾಗೇ ಇತ್ತು, ಆಮೇಲೆ ಸರಿಹೋಯಿತು. ಎಣ್ಣೆ ಸ್ವಲ್ಪ ತೆಳು ಹಾಕಿ ನೋಡಿ.

ಲೇತ್ ಅಣ್ಣ, ಚಿಕ್ಕಮಗಳೂರು

ನಾನು ಮೂವತ್ತೆರಡು ವರ್ಷ ಗೇರ್ ಬಾಕ್ಸ್ ಕೆಲಸ ಮಾಡಿದವನು, ಈಗ ಕಣ್ಣಿನ ತೊಂದರೆಯಿಂದ ಬಿಟ್ಟಿದ್ದೇನೆ. ಬೇಲೂರು ರಸ್ತೆಯವರು ಹೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಅದನ್ನು ಕೇಳಿ ಮೂಡಿಗೆರೆಯ ತಮ್ಮ ಜೀಪು ಓಡಿಸಲು ಹೋದರೆ ಸಾವಿರ ರೂಪಾಯಿಯಲ್ಲಿ ಮುಗಿಯುವುದು ಹತ್ತು ಸಾವಿರಕ್ಕೆ ಹೋಗುತ್ತದೆ.

ಹೊಸ ಸಾಮಾನಿನ ಬಿಗಿತ ಮೊದಲ ದಿನ ಜಾಸ್ತಿ ಇದ್ದು ದಿನದಿಂದ ದಿನಕ್ಕೆ ಕಮ್ಮಿಯಾಗಬೇಕು. ಎಲ್ಲಾ ಸುತ್ತಿನಲ್ಲೂ ಒಂದೇ ಹದದಲ್ಲಿ ಇರಬೇಕು. ಇಲ್ಲಿ ಉಲ್ಟಾ. ಹತ್ತು ಕಿಲೋಮೀಟರ್ ಚೆನ್ನಾಗಿ ಓಡಿ ಆಮೇಲೆ ಶುರುವಾಗಿದೆ, ಹಿಡಿದು ಬಿಡುತ್ತದೆ, ಇಂಜಿನ್ ಆಫ್ ಮಾಡುವಷ್ಟು ಬಲವಾಗಿದೆ. ಇದು ಸೆಟ್ ಆಗುವುದಲ್ಲ, ಒಳಗೆ ಏನೋ ಮುರಿಯುವ ದಾರಿಯಲ್ಲಿದೆ. ದಯವಿಟ್ಟು ಓಡಿಸಬೇಡ ತಮ್ಮ.

ಈಗ ಬಾಕ್ಸಿನ ಒಳಗೆ ಏನು ನಡೆಯುತ್ತದೆ ಎಂದು ಯೋಚನೆ ಮಾಡೋಣ. ಅದು ಗೊತ್ತಾದರೆ ಅರ್ಧ ರೋಗ ಹೊರಗಿನಿಂದಲೇ ಸಿಗುತ್ತದೆ. ಇಂಜಿನ್ನಿನಿಂದ ಬರುವ ಟಾಪ್ ಶಾಫ್ಟ್ ತನ್ನ ಗೇರಿನಿಂದ ಕೆಳಗಿನ ಕ್ಲಸ್ಟರನ್ನು ಯಾವಾಗಲೂ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ನಲ್ಲೂ ಕ್ಲಸ್ಟರ್ ತಿರುಗುತ್ತದೆ, ಆದರೆ ಅದರ ಮೇಲೆ ಭಾರ ಇಲ್ಲ, ಸುಮ್ನೆ ಎಣ್ಣೆ ಕಲಕುತ್ತಾ ಇರುತ್ತದೆ. 3ನೇ ಗೇರಿನಲ್ಲಿ ಟಾಪ್ ಶಾಫ್ಟ್ ಮತ್ತು ಹಿಂದಕ್ಕೆ ಬಲ ಒಯ್ಯುವ ಮೇನ್ ಶಾಫ್ಟ್ ನೇರವಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆಗಲೂ ಕ್ಲಸ್ಟರ್ ತಿರುಗುತ್ತದೆ, ಆಗಲೂ ಭಾರ ಇಲ್ಲ. 1, 2, ರಿವರ್ಸ್ ಈ ಮೂರರಲ್ಲಿ ಮಾತ್ರ ಇಂಜಿನ್ನಿನ ಪೂರ್ತಿ ಬಲ ಕ್ಲಸ್ಟರಿನ ಮೂಲಕ ಹೋಗುತ್ತದೆ. ನಿನ್ನ ಜೀಪು ಹಿಡಿಯುವುದು ಇದೇ ಮೂರರಲ್ಲಿ. 3ರಲ್ಲಿ ಮೇನ್ ಶಾಫ್ಟ್, ಅದರ ಹಿಂದಿನ ಬೇರಿಂಗ್, ಟ್ರಾನ್ಸ್‌ಫರ್ ಕೇಸ್, ಆಕ್ಸಲ್ ಎಲ್ಲಾ ತಿರುಗುತ್ತಿವೆ, ಭಾರವನ್ನೂ ಹೊರುತ್ತಿವೆ. ಅಲ್ಲಿ ತಪ್ಪಿದ್ದರೆ ಕೊಟ್ಟಿಗೆಹಾರಕ್ಕೆ ಹೋಗಿ ಬರುವಾಗ ಕಾಣಿಸುತ್ತಿತ್ತು.

ಇನ್ನೊಂದು ಸಾಕ್ಷಿ. 2ಕ್ಕಿಂತ 1 ಮತ್ತು ರಿವರ್ಸ್ ಕೆಟ್ಟದು ಎಂದು ಬರೆದಿದ್ದೀಯ. ಕ್ಲಸ್ಟರಿನಲ್ಲಿ 1 ಮತ್ತು ರಿವರ್ಸಿನ ಹಲ್ಲು ಚಿಕ್ಕ ಸುತ್ತಳತೆಯದು. ಅಷ್ಟೇ ಬಲ ಚಿಕ್ಕ ಗೇರಿನಿಂದ ಹೊರಗೆ ಹೋಗಬೇಕಾದರೆ ಹಲ್ಲಿನ ಮೇಲೆ ಒತ್ತಡ ಜಾಸ್ತಿ, ಆ ಒತ್ತಡ ಕ್ಲಸ್ಟರನ್ನು ಲೇ ಶಾಫ್ಟಿನ ಮೇಲೆ ಅದುಮುತ್ತದೆ. ಹಾಗಾಗಿ ನನ್ನ ಅನುಮಾನ ಕ್ಲಸ್ಟರ್ ಮತ್ತು ಲೇ ಶಾಫ್ಟಿನ ಮೇಲೆ. ಹಾಸನದವರು ಹೇಳಿದ ಡ್ರಮ್ ನೋಡುವುದನ್ನು ಬಿಡಬೇಡ, ಹತ್ತು ನಿಮಿಷದ ಕೆಲಸ.

ಎರಡು ಪರೀಕ್ಷೆ ಹೇಳುತ್ತೇನೆ. ಒಂದು, ಎಣ್ಣೆ. ಬಿಸಿ ಇರುವಾಗ ಕೆಳಗಿನ ಪ್ಲಗ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸೋಸು, ಆಮೇಲೆ ಬಟ್ಟೆಯ ಮೇಲೆ ಮ್ಯಾಗ್ನೆಟ್ ಆಡಿಸು. ಮ್ಯಾಗ್ನೆಟ್ಟಿಗೆ ಅಂಟಿದ್ದು ಉಕ್ಕು. ಅಂಟದೇ ಹೊಳೆಯುವ ಚಿನ್ನದ ಬಣ್ಣದ ಪುಡಿ ಕಂಚಿನದು, ಅಂದರೆ ಥ್ರಸ್ಟ್ ವಾಷರ್ (ಕ್ಲಸ್ಟರಿನ ಎರಡು ತುದಿಗೂ ಇರುವ ವಾಷರ್) ಅಥವಾ ಸಿಂಕ್ರೋ ರಿಂಗ್.

ಎರಡು, ಹ್ಯಾಂಡಲ್. ನಿನ್ನ ಜೀಪಿಗೆ ಮುಂದಿನಿಂದ ಸುತ್ತುವ ಹ್ಯಾಂಡಲ್ ಇರಬೇಕು. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂದಿನ ಆಕ್ಸಲನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸು, ಬರೀ ಜಾಕಿಯ ಮೇಲೆ ಬಿಡಬೇಡ. ಬ್ಯಾಟರಿ ವೈರ್ ತೆಗೆ, ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚು. ಆಗ ಇಂಜಿನ್ ಹಗುರವಾಗಿ ಸುತ್ತುತ್ತದೆ. ಮುಂದಿನ ಪುಲ್ಲಿ ಮೇಲೆ ಒಂದು ಚಾಕ್ ಗೆರೆ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಒಂದು ಗೆರೆ. 2ನೇ ಗೇರ್ ಹಾಕಿ ನಿಧಾನವಾಗಿ ಸುತ್ತು. ಒಬ್ಬರು ಒಳಗೆ ಕೂತು ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿಯಲಿ, ಭಾರ ಬರಬೇಕು. ಟಿ-90ರಲ್ಲಿ 2ನೇ ಗೇರಿನ ಅನುಪಾತ 1.55. ಅಂದರೆ ಹ್ಯಾಂಡಲ್ ಒಂದೂವರೆ ಸುತ್ತಿಗಿಂತ ಸ್ವಲ್ಪ ಜಾಸ್ತಿ ಸುತ್ತಿದಾಗ ಹಿಂದಿನ ಶಾಫ್ಟ್ ಒಂದು ಸುತ್ತು. ಹಿಡಿಯುವುದು ಪುಲ್ಲಿಯ ಗೆರೆ ಒಂದೇ ಕಡೆ ಬಂದಾಗಲೆಲ್ಲಾ ಆದರೆ ತಪ್ಪು ಟಾಪ್ ಶಾಫ್ಟಿನಲ್ಲಿದೆ. ಪ್ರೊಪೆಲ್ಲರಿನ ಗೆರೆ ಒಂದೇ ಕಡೆ ಬಂದಾಗಲೆಲ್ಲಾ ಆದರೆ ಮೇನ್ ಶಾಫ್ಟ್ ಕಡೆಯದು. ಎರಡಕ್ಕೂ ಹೊಂದದೆ ತನ್ನದೇ ಲೆಕ್ಕದಲ್ಲಿ ಬಂದರೆ ಕ್ಲಸ್ಟರ್. ಆಮೇಲೆ ಬ್ರೇಕ್ ಬಿಟ್ಟು ಭಾರ ಇಲ್ಲದೆ ಸುತ್ತಿ ನೋಡು, 3ನೇ ಗೇರಿನಲ್ಲೂ ನೋಡು. ಬರೆದುಕೋ. ನೆನಪಿನಲ್ಲಿ ಇಟ್ಟುಕೊಂಡರೆ ಒಂದಕ್ಕೊಂದು ಬೆರೆತುಹೋಗುತ್ತದೆ.

ಬೇಲೂರು ರಸ್ತೆ

ಸರಿ ಅಣ್ಣ, ನಾನು ಹಿಡಿದು ಬಿಡುತ್ತದೆ ಎನ್ನುವುದನ್ನು ಗಮನಿಸಿರಲಿಲ್ಲ. ನಮ್ಮದು ಬರೀ ಗೇರ್ ಬೀಳುವುದು ಬಿಗಿ ಇತ್ತು. ಓಡಿಸಬೇಡಿ.

ತೋಟದ ಜೀಪು, ಮೂಡಿಗೆರೆ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಭಾನುವಾರ, ಚಿಕ್ಕಪ್ಪನನ್ನು ಕರೆದುಕೊಂಡು ಎಲ್ಲಾ ಮಾಡಿದೆ.

ಹ್ಯಾಂಡ್ ಬ್ರೇಕ್ ಡ್ರಮ್ ತಣ್ಣಗಿದೆ, ಶೂ ಮುಟ್ಟುತ್ತಿಲ್ಲ. ಮುಂದಿನ ಪ್ರೊಪೆಲ್ಲರ್ ಸಲೀಸಾಗಿ ತಿರುಗುತ್ತದೆ, ಫೋರ್ ವೀಲ್ ಬಿದ್ದಿಲ್ಲ. ನ್ಯೂಟ್ರಲ್‌ನಲ್ಲಿ ಇಬ್ಬರು ತಳ್ಳಿದರೆ ಜೀಪು ಹಗುರವಾಗಿ ಹೋಗುತ್ತದೆ.

ಎಣ್ಣೆ ತೆಗೆದಾಗ ಮನಸ್ಸಿಗೆ ಬೇಜಾರಾಯಿತು. ಎರಡು ವಾರದ ಹಿಂದೆ ಹಾಕಿದ ಎಣ್ಣೆ ಕಪ್ಪಾಗಿದೆ. ಬಟ್ಟೆಯ ಮೇಲೆ ಚಿನ್ನದ ಬಣ್ಣದ ಪುಡಿ ಇದೆ, ಜಾಸ್ತಿ ಅಲ್ಲ. ಮ್ಯಾಗ್ನೆಟ್ಟಿಗೆ ಕೂದಲಿನ ಹಾಗೆ ಸಣ್ಣ ಉಕ್ಕಿನ ಎಳೆಗಳು ಅಂಟಿದವು, ದೊಡ್ಡ ಚೂರು ಯಾವುದೂ ಇಲ್ಲ.

ಹ್ಯಾಂಡಲ್ ಪರೀಕ್ಷೆ ಹೀಗಾಯಿತು. 3ನೇ ಗೇರಿನಲ್ಲಿ ಬ್ರೇಕ್ ಒತ್ತಿದರೂ ಒಂದೇ ಹದ. 2ನೇ ಗೇರಿನಲ್ಲಿ ಬ್ರೇಕ್ ಇಲ್ಲದೆ ಸುತ್ತಿದರೆ ಏನೂ ಇಲ್ಲ. ಚಿಕ್ಕಪ್ಪ ಬ್ರೇಕ್ ಮೇಲೆ ಕಾಲಿಟ್ಟ ಕೂಡಲೇ ಮೂರನೆಯ ಸುತ್ತಿನಲ್ಲಿ ಹಿಡಿಯಿತು. ಆಮೇಲೆ ಐದು ಸುತ್ತು ಏನೂ ಇಲ್ಲ, ಆಮೇಲೆ ಬೆನ್ನಿಗೆ ಬೆನ್ನಿಗೆ ಎರಡು ಸಲ ಹಿಡಿಯಿತು. ಪುಲ್ಲಿ ಗೆರೆಗೂ ಹೊಂದಲಿಲ್ಲ, ಪ್ರೊಪೆಲ್ಲರಿಗೂ ಹೊಂದಲಿಲ್ಲ. ಇಪ್ಪತ್ತು ಸಲ ಹಿಡಿದಿದ್ದನ್ನು ಬರೆದುಕೊಂಡೆ, ಒಂದಕ್ಕೂ ಲೆಕ್ಕ ಸಿಗುತ್ತಿಲ್ಲ. ಸ್ವಲ್ಪ ಹಿಂದಕ್ಕೆ ಸುತ್ತಿದರೆ ಬಿಡುತ್ತದೆ. ಲೇತ್ ಅಣ್ಣ, ಇದರ ಅರ್ಥ ಏನು?

ಲೇತ್ ಅಣ್ಣ, ಚಿಕ್ಕಮಗಳೂರು

ಲೆಕ್ಕ ಸಿಗುತ್ತಿಲ್ಲ ಎನ್ನುವುದೇ ಉತ್ತರ ತಮ್ಮ. ಗೇರಿನ ಹಲ್ಲು ಕಚ್ಚು ಬಿದ್ದಿದ್ದರೆ, ಶಾಫ್ಟ್ ಬಾಗಿದ್ದರೆ ಅದು ಪ್ರತಿ ಸುತ್ತಿಗೂ ಹಾಜರಿ ಹಾಕುತ್ತದೆ. ಲೆಕ್ಕವಿಲ್ಲದೆ ಬಂದು, ಹಿಂದಕ್ಕೆ ಸುತ್ತಿದರೆ ಬಿಡುವುದು ನೀಡಲ್. ನೀಡಲ್ ಒಂದು ಜಾಗದಲ್ಲಿ ಇರುವುದಿಲ್ಲ, ಉರುಳುತ್ತಾ ಜಾಗ ಬದಲಾಯಿಸುತ್ತದೆ, ಭಾರ ಬಿದ್ದಾಗ ಓರೆಯಾಗಿ ನಿಂತರೆ ಶಾಫ್ಟಿಗೂ ಗೇರಿಗೂ ನಡುವೆ ಬೆಣೆ ಹೊಡೆದ ಹಾಗೆ. ಹಿಂದಕ್ಕೆ ಸುತ್ತಿದರೆ ನೇರ ಆಗುತ್ತದೆ, ಬಿಡುತ್ತದೆ.

ಟಿ-90ರ ಕ್ಲಸ್ಟರ್ ಒಳಗೆ 88 ನೀಡಲ್ ಇರುತ್ತವೆ. ನಾಲ್ಕು ಸಾಲು, ಸಾಲಿಗೆ 22. ಒಂದಕ್ಕೊಂದು ಕಟ್ಟು ಇಲ್ಲ, ಕೇಜ್ ಇಲ್ಲ, ಎಲ್ಲಾ ಬಿಡಿ ಬಿಡಿ. ಸಾಲು ಸಾಲಿನ ನಡುವೆ ಮತ್ತು ಕೊನೆಯಲ್ಲಿ ತೆಳು ವಾಷರ್ ಬರುತ್ತದೆ, ಮಧ್ಯದಲ್ಲಿ ಉದ್ದನೆಯ ಕೊಳವೆ. ಕಟ್ಟುವಾಗ ದಪ್ಪಗೆ ಗ್ರೀಸ್ ಮೆತ್ತಿ ನೀಡಲ್ ಅಂಟಿಸುತ್ತೇವೆ. ಈ ಗ್ರೀಸೇ ಮೋಸ ಮಾಡುವುದು. ಟೇಬಲ್ ಮೇಲೆ ಕಟ್ಟಿ ಕೈಯಲ್ಲಿ ತಿರುಗಿಸಿದರೆ ತಪ್ಪಾಗಿ ಕೂತಿದ್ದರೂ ಗ್ರೀಸ್ ಹಿಡಿದುಕೊಂಡಿರುತ್ತದೆ, ರೇಷ್ಮೆ ಹಾಗೆ ತಿರುಗುತ್ತದೆ. ಗಾಡಿ ಹತ್ತು ಹದಿನೈದು ಕಿಲೋಮೀಟರ್ ಓಡಿ ಬಿಸಿ ಎಣ್ಣೆ ಗ್ರೀಸನ್ನು ತೊಳೆದ ಮೇಲೆ ನೀಡಲ್‌ಗೆ ಸ್ವಾತಂತ್ರ್ಯ ಬರುತ್ತದೆ. ನಿನ್ನದು ಮೊದಲ ಹತ್ತು ಕಿಲೋಮೀಟರ್ ಬೆಣ್ಣೆ ಹಾಗೆ ಓಡಿದ್ದು ಇದಕ್ಕೇ.

ಬಾಕ್ಸ್ ಇಳಿಸಲೇಬೇಕು. ಇಳಿಸುವಾಗ ಒಂದು ಮಾತು. ಟ್ರಾನ್ಸ್‌ಫರ್ ಕೇಸ್ ಬೇರೆ ಮಾಡುವ ಮೊದಲು ಅದರ ಹಿಂದಿನ ಮುಚ್ಚಳ ತೆಗೆದು ಮೇನ್ ಶಾಫ್ಟಿನ ತುದಿಯ ಕಾಟರ್ ಪಿನ್ ಮತ್ತು ನಟ್ ಬಿಚ್ಚಬೇಕು. ಆಮೇಲೂ ಕೇಸ್ ಎಳೆಯುವಾಗ ಮೇನ್ ಶಾಫ್ಟ್ ಹಿಂದಕ್ಕೆ ಬಂದುಬಿಟ್ಟರೆ ಮುಂದಿನ ತುದಿಯ 13 ಪೈಲಟ್ ರೋಲರ್ ಬಾಕ್ಸ್ ಒಳಗೆ ಉದುರುತ್ತವೆ. ಗೇರ್ ಲಿವರಿನ ಕವರ್ ಮೊದಲು ತೆಗೆದು, 2ನೇ ಗೇರಿನ ಹಿಂದೆ ಮೇನ್ ಶಾಫ್ಟಿಗೆ ಗಟ್ಟಿ ತಂತಿ ಸುತ್ತಿ ಮುಂದಕ್ಕೆ ಎಳೆದು ಕಟ್ಟು. ಹಿಂದೆ ಲೇ ಶಾಫ್ಟ್ ಮತ್ತು ರಿವರ್ಸ್ ಐಡ್ಲರ್ ಶಾಫ್ಟ್ ಎರಡರ ಕಚ್ಚಿನಲ್ಲೂ ಕೂತಿರುವ ಒಂದು ಲಾಕ್ ಪ್ಲೇಟ್ ಇರುತ್ತದೆ, ಅದು ಹೇಗೆ ಕೂತಿದೆ ಎಂದು ಫೋಟೋ ತೆಗೆದುಕೋ.

ಲೇ ಶಾಫ್ಟ್ ಹೊಡೆದು ತೆಗೆಯುವ ಮೊದಲು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಇಟ್ಟು ಕ್ಲಸ್ಟರಿನ ಎಂಡ್ ಪ್ಲೇ, ಅಂದರೆ ಹಿಂದೆ ಮುಂದೆ ಆಡುವ ಸಂದಿ, ಅಳೆ. ಇಂಚಿನ ಲೆಕ್ಕದಲ್ಲಿ 0.012ರಿಂದ 0.018, ಮಿಲಿಮೀಟರ್‌ನಲ್ಲಿ ಸುಮಾರು 0.30ರಿಂದ 0.46. ಅದಕ್ಕಿಂತ ಕಮ್ಮಿ ಇದ್ದರೆ ಥ್ರಸ್ಟ್ ವಾಷರ್ ದಪ್ಪ ಆಗಿದೆ. ವಾಷರಿನ ಕಿವಿ ಕೇಸಿನ ಕಚ್ಚಿನಲ್ಲಿ ಕೂತಿದೆಯಾ ನೋಡು, ಕೂರದೆ ಓರೆ ಇದ್ದರೆ ಅದೂ ಹೀಗೇ ಹಿಡಿಯುತ್ತದೆ, ಚಿನ್ನದ ಪುಡಿಯೂ ಬರುತ್ತದೆ. ಬಿಚ್ಚಿದ ಮೇಲೆ ಅಳೆಯಲು ಆಗುವುದಿಲ್ಲ, ಆದ್ದರಿಂದ ಮೊದಲೇ ಹೇಳುತ್ತಿದ್ದೇನೆ.

ನೀಡಲ್ ಒಂದೊಂದನ್ನೂ ಎಣಿಸು. ಬಟ್ಟೆ ಹಾಸಿಕೊಂಡು ತಟ್ಟೆಯಲ್ಲಿ.

ತೋಟದ ಜೀಪು, ಮೂಡಿಗೆರೆ

ಸಿಕ್ಕಿತು!

ಗ್ಯಾರೇಜಿಗೆ ಒಯ್ಯದೆ ನಮ್ಮ ಗೋಡೌನಿನಲ್ಲೇ ಇಳಿಸಿದೆವು. ಎಂಡ್ ಪ್ಲೇ 0.35 ಮಿಲಿಮೀಟರ್ ಬಂತು, ಸರಿಯಾಗಿಯೇ ಇತ್ತು. ಎರಡೂ ಕಡೆಯ ವಾಷರಿನ ಕಿವಿ ಅದರ ಜಾಗದಲ್ಲೇ ಇತ್ತು. ಆಗ ಸ್ವಲ್ಪ ಧೈರ್ಯ ಕುಂದಿತು, ಇದೂ ಅಲ್ಲವೇನೋ ಎನ್ನಿಸಿತು. ಲೇ ಶಾಫ್ಟ್ ತೆಗೆದು ಕ್ಲಸ್ಟರನ್ನು ತಟ್ಟೆಯ ಮೇಲೆ ಬಗ್ಗಿಸಿ ನೀಡಲ್ ಎಲ್ಲಾ ಸುರಿದು ಎಣಿಸಿದೆ. 88. ಚಿಕ್ಕಪ್ಪ ಇನ್ನೊಮ್ಮೆ ಎಣಿಸಿದರು. 88. ಒಂದೂ ಕಮ್ಮಿ ಇಲ್ಲ.

ಆಮೇಲೆ ವಾಷರ್ ನೋಡಿದೆ. ಮುಂದಿನ ಕಡೆ ಎರಡು ಸಾಲಿನ ನಡುವೆ ತೆಳು ವಾಷರ್ ಇತ್ತು. ಹಿಂದಿನ ಕಡೆ ಎರಡು ಸಾಲಿನ ನಡುವೆ ಇರಲಿಲ್ಲ. ಕೇಸಿನ ತಳ, ಎಣ್ಣೆ ತೆಗೆದ ಬಟ್ಟೆ, ಟ್ರಾನ್ಸ್‌ಫರ್ ಕೇಸಿನ ಒಳಗೆ ಎಲ್ಲಾ ಹುಡುಕಿದೆ, ಎಲ್ಲೂ ಇಲ್ಲ. ಹಿಂದಿನ ಕಡೆಯ ನೀಡಲ್‌ಗಳಲ್ಲಿ ಏಳೆಂಟರ ತುದಿ ಒಂದು ಪಕ್ಕ ಸವೆದಿದೆ. ಲೇ ಶಾಫ್ಟ್ ಮೇಲೆ ಅದೇ ಜಾಗದಲ್ಲಿ ಓರೆ ಗೆರೆಗಳು ಬಿದ್ದಿವೆ, ಉಗುರಿಗೆ ಸಿಗುತ್ತವೆ. ಅಣ್ಣ ಬೆಣೆ ಎಂದದ್ದು ಕಣ್ಣಿಗೆ ಕಂಡ ಹಾಗಾಯಿತು.

ವಾಷರ್ ಎಲ್ಲಿ ಹೋಯಿತು ಎಂದು ಯೋಚಿಸುತ್ತಾ ಗ್ಯಾರೇಜಿನವರು ವಾಪಸ್ ಕೊಟ್ಟಿದ್ದ ಹಳೇ ಸಾಮಾನಿನ ಗೋಣಿಚೀಲ ನೆನಪಾಯಿತು. ಹಳೇ ಕ್ಲಸ್ಟರ್ ಅದರಲ್ಲಿತ್ತು. ಒಳಗೆ ಬೆರಳು ಹಾಕಿದರೆ ಕಪ್ಪು ಗ್ರೀಸಿನಲ್ಲಿ ಗೋಡೆಗೆ ಅಂಟಿಕೊಂಡು ವಾಷರ್ ಅಲ್ಲೇ ಇದೆ. ಹೊಸ ನೀಡಲ್ ಪ್ಯಾಕೆಟ್ಟಿನಲ್ಲಿ ಬರೀ ನೀಡಲ್ ಬಂದಿವೆ, ವಾಷರ್ ಬಂದಿಲ್ಲ. ಹಳೆಯದರಿಂದ ತೆಗೆದು ಹಾಕುವಾಗ ಇದೊಂದು ಕಣ್ಣು ತಪ್ಪಿದೆ. ಅವರಿಗೆ ಫೋನ್ ಮಾಡಿ ಹೇಳಿದೆ. ಬೇಸರ ಮಾಡಿಕೊಳ್ಳದೆ ಲೇ ಶಾಫ್ಟ್ ಮತ್ತು ನೀಡಲ್ ತಾವೇ ತರಿಸಿಕೊಡುತ್ತೇನೆ ಎಂದರು.

ಈಗ ಎರಡು ಪ್ರಶ್ನೆ. ಲೇ ಶಾಫ್ಟ್ ಬದಲಾಯಿಸುತ್ತೇನೆ, ಆದರೆ ಹೊಸ ಕ್ಲಸ್ಟರ್ ಒಳಗೆ ನೀಡಲ್ ಓಡುವ ಜಾಗ ಸ್ವಲ್ಪ ಮಸುಕಾಗಿದೆ, ಗೆರೆ ಇಲ್ಲ. ಅದನ್ನೇ ಇಟ್ಟುಕೊಳ್ಳಬಹುದಾ? ಇನ್ನೊಂದು, ಎಣ್ಣೆ ಯಾವುದು ಹಾಕಲಿ? ಅಂಗಡಿಯಲ್ಲಿ ಜಿಎಲ್-5 ದರ್ಜೆಯದು ಒಳ್ಳೆಯದು ಎಂದು ಕೊಟ್ಟಿದ್ದರು.

ಲೇತ್ ಅಣ್ಣ, ಚಿಕ್ಕಮಗಳೂರು

ಬಹಳ ಸಂತೋಷ ಆಯಿತು ತಮ್ಮ. 88 ಸರಿ ಬಂದ ಮೇಲೆ ಅಲ್ಲಿಗೇ ನಿಲ್ಲಿಸದೆ ವಾಷರ್ ನೋಡಿದೆಯಲ್ಲ, ಅದೇ ಮುಖ್ಯ.

ಕ್ಲಸ್ಟರ್ ಒಳಗೆ ಉಗುರು ಆಡಿಸು. ಉಗುರಿಗೆ ಏನೂ ಸಿಗದಿದ್ದರೆ, ಬಣ್ಣ ನೀಲಿ ತಿರುಗಿರದಿದ್ದರೆ ಇಟ್ಟುಕೋ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಬೆಳಕಿಗೆ ಹಿಡಿದು ನೋಡು. ನೀಲಿ ಇದ್ದರೆ ಬಿಸಿಯಾಗಿ ಉಕ್ಕಿನ ಹದ ಹೋಗಿದೆ, ಇಡಬೇಡ. ನೀಡಲ್ ಮಾತ್ರ 88ಕ್ಕೆ 88 ಹೊಸದು, ಒಂದೇ ಪ್ಯಾಕೆಟ್ಟಿನದು. ಹಳೆಯದರ ಜೊತೆ ಬೆರೆಸಿದರೆ ದಪ್ಪದಲ್ಲಿ ವ್ಯತ್ಯಾಸ ಬಂದು ದಪ್ಪ ಇರುವ ನಾಲ್ಕೈದೇ ಭಾರ ಹೊರುತ್ತವೆ.

ಕಟ್ಟುವಾಗ ಡಮ್ಮಿ ಶಾಫ್ಟ್ ಮಾಡಿಸಿಕೋ. ಲೇ ಶಾಫ್ಟಿಗಿಂತ ಒಂದು ಕೂದಲಷ್ಟು ಸಣ್ಣ, ಉದ್ದ ಕ್ಲಸ್ಟರಿನಷ್ಟೇ. ಯಾವ ಲೇತ್‌ನವರಾದರೂ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ. ನೀಡಲ್ ಮತ್ತು ವಾಷರ್ ಎಲ್ಲಾ ಡಮ್ಮಿಯ ಮೇಲೆ ಕಟ್ಟಿ ಕೇಸ್ ಒಳಗೆ ಇಟ್ಟು, ಆಮೇಲೆ ನಿಜವಾದ ಶಾಫ್ಟಿನಿಂದ ಡಮ್ಮಿಯನ್ನು ತಳ್ಳಿಕೊಂಡು ಹೋಗುವುದು. ಎರಡರ ತುದಿಯೂ ಒಂದಕ್ಕೊಂದು ಅಂಟಿಕೊಂಡೇ ಇರಬೇಕು, ನಡುವೆ ಸಂದಿ ಬಿಟ್ಟರೆ ಒಂದು ನೀಡಲ್ ಅದರಲ್ಲಿ ಬೀಳುತ್ತದೆ.

ಎಣ್ಣೆ ಜಿಎಲ್-4, 80ಡಬ್ಲ್ಯೂ-90. ಜಿಎಲ್-5ರಲ್ಲಿ ಗಂಧಕ ರಂಜಕದ ಅಂಶ ಹೆಚ್ಚು ಕಡಿಮೆ ಎರಡು ಪಟ್ಟು. ಅದು ಆಕ್ಸಲಿನ ಗೇರಿಗೆ ಬೇಕು. ನಿನ್ನ ಬಾಕ್ಸಿನ ಸಿಂಕ್ರೋ ರಿಂಗ್ ಮತ್ತು ಥ್ರಸ್ಟ್ ವಾಷರ್ ಹಿತ್ತಾಳೆ ಕಂಚಿನ ಜಾತಿಯವು, ಅವಕ್ಕೆ ಅದು ಒಗ್ಗುವುದಿಲ್ಲ.

ಟ್ರಾನ್ಸ್‌ಫರ್ ಕೇಸ್ ಮರೆಯಬೇಡ. ಬಾಕ್ಸಿಗೂ ಅದಕ್ಕೂ ನಡುವೆ ಎಣ್ಣೆ ಓಡಾಡಲು ದಾರಿ ಇರುತ್ತದೆ. ಉಕ್ಕಿನ ಎಳೆ ಅಲ್ಲಿಗೂ ಹೋಗಿರುತ್ತದೆ. ಅದರ ಎಣ್ಣೆಯೂ ತೆಗೆದು ತೊಳೆ.

ಆಲ್ದೂರು ರಸ್ತೆಯವಳು

ನಮಸ್ಕಾರ ಅಣ್ಣ. ಇದನ್ನೆಲ್ಲಾ ಓದಿ ನಮ್ಮ ಜೀಪಿಗೂ ಇದೇ ಇರಬಹುದಾ ಎಂದು ಕೇಳುತ್ತಿದ್ದೇನೆ. ನಮ್ಮದೂ ಟಿ-90 ಬಾಕ್ಸ್, ಹೋದ ತಿಂಗಳು ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಎರಡೂ ಕಟ್ಟಿಸಿದ್ದು. ಆದರೆ ನಮ್ಮದು ಮೂರೂ ಗೇರಿನಲ್ಲಿ ಬಿಗಿ. ಹಿಡಿದು ಬಿಡುವುದಿಲ್ಲ, ಒಂದೇ ಸಮ ಬಿಗಿ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿದರೆ ಇಂಜಿನ್ ಚೆನ್ನಾಗಿ ಓಡುತ್ತದೆ, ಆದರೆ ತಳ್ಳಿದರೆ ಮೂರು ಜನ ಬೇಕು.

ಲೇತ್ ಅಣ್ಣ, ಚಿಕ್ಕಮಗಳೂರು

ಇಲ್ಲ ತಂಗಿ, ನಿಮ್ಮದು ಬೇರೆ. ನ್ಯೂಟ್ರಲ್‌ನಲ್ಲಿ ತಳ್ಳಿದರೂ ಬಿಗಿ ಎಂದರೆ ಕ್ಲಸ್ಟರಿಗೆ ಅದರಲ್ಲಿ ಪಾತ್ರವೇ ಇಲ್ಲ, ಹಿಂದಿನದು ಯಾವುದೋ ಬಿಗಿ ಇದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟು, ಮೊದಲು ಟ್ರಾನ್ಸ್‌ಫರ್ ಹೈನಲ್ಲಿ ಇಟ್ಟು ತಳ್ಳಿ ನೋಡಿ. ಆಮೇಲೆ ಟ್ರಾನ್ಸ್‌ಫರ್ ಲಿವರನ್ನೂ ನ್ಯೂಟ್ರಲ್‌ಗೆ ತಂದು ತಳ್ಳಿ. ಎರಡನೆಯ ಸಲ ಹಗುರ ಆದರೆ ಬಿಗಿತ ಟ್ರಾನ್ಸ್‌ಫರಿನ ಮಧ್ಯದ ಗೇರ್ ಅಥವಾ ಬಾಕ್ಸಿನ ಮೇನ್ ಶಾಫ್ಟ್ ಬೇರಿಂಗ್ ಕಡೆ. ಎರಡೂ ಸಲ ಬಿಗಿ ಇದ್ದರೆ ಹಾಸನದವರು ಮೇಲೆ ಹೇಳಿದ ಡ್ರಮ್ ನೋಡಿ, ಅದು ಸರಿ ಇದ್ದರೆ ಟ್ರಾನ್ಸ್‌ಫರಿನ ಔಟ್‌ಪುಟ್ ಶಾಫ್ಟಿನ ಟೇಪರ್ ಬೇರಿಂಗ್ ಹೆಚ್ಚು ಬಿಗಿದಿದ್ದಾರೆ ಎಂದು ಅರ್ಥ.

ಅದಕ್ಕೆ ಬಾಕ್ಸ್ ಇಳಿಸಬೇಕಾಗಿಲ್ಲ. ಹಿಂದಿನ ಪ್ರೊಪೆಲ್ಲರ್ ಮತ್ತು ಡ್ರಮ್ ತೆಗೆದರೆ ಬೇರಿಂಗ್ ಕ್ಯಾಪ್ ಸಿಗುತ್ತದೆ, ಅದರ ಹಿಂದೆ ಶಿಮ್ ಎಂಬ ತೆಳು ತಗಡು ಇರುತ್ತದೆ. ಶಿಮ್ ಸೇರಿಸಿದರೆ ಸಡಿಲ, ತೆಗೆದರೆ ಬಿಗಿ. ಶಾಫ್ಟ್ ಹಿಂದೆ ಮುಂದೆ 0.004ರಿಂದ 0.008 ಇಂಚು, ಅಂದರೆ 0.10ರಿಂದ 0.20 ಮಿಲಿಮೀಟರ್ ಆಡಬೇಕು. ಟೇಪರ್ ಬೇರಿಂಗ್ ಎಂದ ಕೂಡಲೇ ಆಕ್ಸಲಿನ ಹಾಗೆ ಗಟ್ಟಿಯಾಗಿ ಬಿಗಿಯುವ ಅಭ್ಯಾಸ ಕೆಲವರಿಗೆ ಇದೆ, ಇಲ್ಲಿ ಹಾಗೆ ಮಾಡಬಾರದು. ತಳ್ಳಿ ನೋಡಿ ಏನಾಯಿತು ಹೇಳಿ. ಅಲ್ಲಿಯವರೆಗೆ ಘಾಟಿ ಕಡೆ ಒಯ್ಯಬೇಡಿ.

ತೋಟದ ಜೀಪು, ಮೂಡಿಗೆರೆ

ಲೇ ಶಾಫ್ಟ್ ಬಂತು. ಡಮ್ಮಿ ಶಾಫ್ಟ್ ಮಾಡಿಸಿ ಕಟ್ಟಿದೆವು, ಚಿಕ್ಕಪ್ಪ ವಾಷರ್ ಒಂದೊಂದನ್ನೂ ಜೋರಾಗಿ ಹೇಳುತ್ತಾ ಕೊಟ್ಟರು, ನಾನು ಕೂರಿಸಿದೆ. ಎಂಡ್ ಪ್ಲೇ ಈಗಲೂ 0.35. ಬಾಕ್ಸ್ ಏರಿಸುವ ಮೊದಲು ಗ್ರೀಸ್ ಹೋಗಲಿ ಎಂದು ಎಣ್ಣೆ ಹಾಕಿ ಟಾಪ್ ಶಾಫ್ಟನ್ನು ಅರ್ಧ ಗಂಟೆ ಡ್ರಿಲ್ ಮೆಷಿನ್ನಿನಿಂದ ತಿರುಗಿಸಿ, ಎಣ್ಣೆ ಚೆಲ್ಲಿ ಹೊಸದು ಹಾಕಿದೆ. ಇವತ್ತು ಬೆಳಗ್ಗೆ ಆರು ಮೂಟೆ ಗೊಬ್ಬರ ಹೇರಿಕೊಂಡು ಮೇಲಿನ ತೋಟಕ್ಕೆ 1ನೇ ಗೇರಿನಲ್ಲಿ ಹತ್ತಿಸಿದೆ, ರಿವರ್ಸಿನಲ್ಲಿ ಏರಿನ ಮೇಲೆ ತಿರುಗಿಸಿದೆ. ಎಲ್ಲೂ ಹಿಡಿಯಲಿಲ್ಲ. ಇಳಿಯುವಾಗ 2ನೇ ಗೇರ್ ಕೂಡ ಬಿಟ್ಟುಕೊಳ್ಳಲಿಲ್ಲ. ಐವತ್ತು ಕಿಲೋಮೀಟರ್ ಆದ ಮೇಲೆ ಎಣ್ಣೆ ಇನ್ನೊಮ್ಮೆ ಬಟ್ಟೆಯ ಮೇಲೆ ಸೋಸಿ ನೋಡಿ ಇಲ್ಲಿ ಬರೆಯುತ್ತೇನೆ.